ಮಾಸ್ತರನ್ನು ಕೇಳಿ: ತಿಮಿಂಗಿಲ ನೋಡೋಕೆ ಹೋಗಲಾ, ಬೇಡವಾ?

ಪ್ರಶ್ನೆ: ಮಾಸ್ತರೇ, ನಾನು ಸಿರ್ಸಿಯವಳು. ಎಂ.ಎಸ್. ಓದೋಕೆ ಬಾಸ್ಟನ್‌ಗೆ ಬಂದಿದ್ದೇನೆ. ಜೂನ್‌ನಲ್ಲಿ ಒಂದು ಶನಿವಾರ ರೂಮಿನ ಗೆಳತಿಯರೆಲ್ಲ ತಿಮಿಂಗಿಲ ತೋರಿಸುವ ಬೋಟಿಗೆ ಹೊರಟಿದ್ದಾರೆ. ಟಿಕೆಟ್ಟಿಗೆ 70 ಡಾಲರಿಗೂ ಜಾಸ್ತಿ. ನನಗೋ ದೇವಿಮನೆ ಘಾಟಿ ಇಳಿಯುವಾಗಲೇ ವಾಂತಿ. "ದುಡ್ಡು ಕೊಟ್ಟು ವಾಂತಿ ಮಾಡೋಕೆ ಹೋಗ್ತೀಯಾ" ಅಂತ ಆಯಿ ಬೈಯುತ್ತಿದ್ದಾಳೆ. ಹೋಗಲಾ? ಹೋದರೆ ಅಲ್ಲಿ ಏನು ನೋಡಬೇಕು?
– ಸಿರ್ಸಿ ಹುಡುಗಿ, ಬಾಸ್ಟನ್

ಉತ್ತರ: ಹೋಗು ತಂಗಿ. ಕಾರವಾರದ ಮಾಸ್ತರು ಹೇಳಿದರು ಅಂತ ಆಯಿಗೆ ಹೇಳು.

ಮೊದಲು ವಾಂತಿಯ ವಿಷಯ ಮುಗಿಸೋಣ. ಬೋಟು ಅಲ್ಲಾಡೋಕೆ ಶುರುವಾದ ಮೇಲೆ ಮಾತ್ರೆ ನುಂಗಿದರೆ ಏನೂ ಉಪಯೋಗ ಇಲ್ಲ. ಔಷಧಿ ಅಂಗಡಿಯಲ್ಲಿ ಕೇಳಿ ತಗೊಂಡು, ಹತ್ತುವುದಕ್ಕೆ ಒಂದು ಗಂಟೆ ಮೊದಲೇ ನುಂಗು. ಕೆಲವು ಮಾತ್ರೆಗೆ ನಿದ್ದೆ ಜೋರು, ಅದನ್ನೂ ವಿಚಾರಿಸು. ಖಾಲಿ ಹೊಟ್ಟೆ ಬೇಡ, ಹೊಟ್ಟೆ ಬಿರಿಯುವಷ್ಟೂ ಬೇಡ. ಒಳಗಿನ ಬೆಚ್ಚಗಿನ ಸೀಟು ಬಿಟ್ಟು ಹೊರಗೆ ಬಾ. ಬೋಟಿನ ನಡುಭಾಗದಲ್ಲಿ ಕುಲುಕಾಟ ಕಡಿಮೆ. ಅಲ್ಲಿ ನಿಂತು ನೀರು ಆಕಾಶ ಸೇರುವ ಗೆರೆ ನೋಡುತ್ತಿರು. ಫೋನು ನೋಡುತ್ತಾ ನಿಂತರೆ ದೇವಿಮನೆ ಘಾಟಿಯೇ ವಾಸಿ ಅನಿಸುತ್ತದೆ. ಇಷ್ಟಾದ ಮೇಲೂ ಬಂದೇಬಿಟ್ಟರೆ ಗಾಳಿಗೆ ಬೆನ್ನು ಹಾಕಿ ಬಗ್ಗು. ಗಾಳಿಗೆ ಎದುರಾಗಿ ಬಗ್ಗಿದವರ ಗತಿ ನಾನು ಕಣ್ಣಾರೆ ಕಂಡಿದ್ದೇನೆ, ಅವರ ಪಕ್ಕದವರ ಗತಿಯನ್ನೂ. ಜೂನ್ ಅಂತ ತೆಳು ಅಂಗಿ ಹಾಕಿಕೊಂಡು ಹೋಗಬೇಡ. ದಡದಲ್ಲಿ ಸೆಖೆ ಇದ್ದರೂ ಆ ನೀರಿನ ಮೇಲಿನ ಗಾಳಿ ಕೊರೆಯುತ್ತದೆ.

ಇನ್ನು ತಿಮಿಂಗಿಲ. ಬಾಸ್ಟನ್ನಿನ ಬೋಟುಗಳು ಸಾಮಾನ್ಯವಾಗಿ ಹೋಗುವುದು ಸ್ಟೆಲ್‌ವಾಗನ್ ಬ್ಯಾಂಕ್ ಎಂಬ ಜಾಗಕ್ಕೆ. ಕೇಪ್ ಆನ್, ಕೇಪ್ ಕಾಡ್ ಎಂಬ ಎರಡು ಭೂಶಿರಗಳ ನಡುವೆ ನೀರಿನೊಳಗಿರುವ ಮರಳು ದಿಬ್ಬ ಅದು. 1992ರಲ್ಲಿ ಸರ್ಕಾರ ಅದನ್ನು ರಕ್ಷಿತ ಸಮುದ್ರ ಅಂತ ಘೋಷಿಸಿತು. ಸುತ್ತ ಆಳವಿದ್ದರೂ ದಿಬ್ಬದ ಮೇಲೆ ಕೆಲವು ಕಡೆ ನೀರು 30 ಮೀಟರಿನಷ್ಟೇ. ಪ್ರವಾಹ ಬಂದು ದಿಬ್ಬಕ್ಕೆ ಬಡಿದಾಗ ತಳದ ತಣ್ಣೀರು ಮೇಲಕ್ಕೇಳುತ್ತದೆ. ಅದರ ಜೊತೆ ಗೊಬ್ಬರದಂಥ ಸತ್ವವೂ ಬರುತ್ತದೆ. ನಮ್ಮಲ್ಲೂ ಮಳೆಗಾಲದಲ್ಲಿ ಹೀಗೇ ತಳದ ನೀರು ಮೇಲೆ ಬರುತ್ತದೆ. ಜೂನ್, ಜುಲೈ ಮೀನುಗಾರಿಕೆ ನಿಷೇಧ ಮುಗಿದ ಮೇಲೆ ಬೈತಖೋಲ ಬಂದರಿಗೆ ತಾರ್ಲೆ, ಬಂಗಡೆ ಬರುವುದರ ಹಿಂದೆ ಇದರದ್ದೂ ಪಾಲಿದೆ. ಸ್ಟೆಲ್‌ವಾಗನ್‌ನಲ್ಲಿ ಮರಳೊಳಗೆ ಹೂತುಕೊಳ್ಳುವ ಸಣ್ಣ, ಉದ್ದನೆಯ ಮೀನು ಸಿಕ್ಕಾಪಟ್ಟೆ. ಅದನ್ನು ತಿನ್ನೋಕೇ ಹಂಪ್‌ಬ್ಯಾಕ್ ತಿಮಿಂಗಿಲಗಳು ಬರುವುದು. ಚಳಿಗಾಲ ಕಳೆಯೋಕೆ, ಮರಿ ಹಾಕೋಕೆ ದಕ್ಷಿಣದ ಕೆರಿಬಿಯನ್ ಕಡೆ ಹೋಗುತ್ತವೆ. ಅಲ್ಲಿ ಹೆಚ್ಚುಕಡಿಮೆ ಉಪವಾಸ. ನೀನು ಹೋಗುವ ಹೊತ್ತಿಗೆ ಅವಕ್ಕೆ ಊಟದ ಹೊತ್ತು.

ಆ ಊಟ ನೋಡಬೇಕು. ತಿಮಿಂಗಿಲ ಕೆಳಗಿನಿಂದ ಸುತ್ತುತ್ತಾ ಗುಳ್ಳೆ ಬಿಡುತ್ತದೆ, ನಮ್ಮ ಪರ್ಸಿನ್ ಬೋಟಿನವರು ಬಲೆ ಸುತ್ತಿದ ಹಾಗೆ. ಮೀನು ನಡುವೆ ಒತ್ತಾಗುತ್ತವೆ. ಆಮೇಲೆ ಬಾಯಿ ತೆರೆದುಕೊಂಡೇ ಮೇಲೆ ಬರುತ್ತದೆ. ಹಾಗಾಗಿ ನೀರಿಗಿಂತ ಮೊದಲು ಹಕ್ಕಿ ನೋಡು. ಕಡಲಹಕ್ಕಿಗಳು ಒಂದೇ ಕಡೆ ಮುಗಿಬಿದ್ದು ಕಿರುಚುತ್ತಿದ್ದರೆ ಕೆಳಗೆ ಏನೋ ನಡೆದಿದೆ ಅಂತ ಅರ್ಥ.

ಮಗನ ಮನೆಗೆ ಹೋಗಿದ್ದಾಗ ನಾನೂ ಆ ಬೋಟು ಹತ್ತಿದ್ದೆ. ಮೊದಲು ಗೊತ್ತಾಗಿದ್ದು ಕಣ್ಣಿಗಲ್ಲ, ಮೂಗಿಗೆ. ಉಸಿರು ಬುಸ್ಸೆಂದು ಹೊರಬಂದು ಗಾಳಿ ನಮ್ಮ ಕಡೆ ಬೀಸಿದಾಗ ಕೊಳೆತ ಮೀನಿನ ನಾತ. ಮೀನು ಮಾರ್ಕೆಟ್ಟಿನಲ್ಲೇ ಬೆಳೆದ ನಾನೂ ಮುಖ ಸಿಂಡರಿಸಿದೆ. ಆಮೇಲೆ ಬೆನ್ನು ಕಮಾನಾಗಿ ಬಾಗಿತು. ಬಾಲ ನಿಧಾನಕ್ಕೆ ಎದ್ದಿತು, ಅಂಚಿನಿಂದ ನೀರು ಇಳಿಯುತ್ತಾ ಇತ್ತು. ಅದು ಮುಳುಗಿದ ಜಾಗದಲ್ಲಿ ಎಣ್ಣೆ ಚೆಲ್ಲಿದಂತೆ ನುಣ್ಣನೆಯ ವೃತ್ತ ಉಳಿಯಿತು. ಸುತ್ತಲೂ ಅಲೆ, ಅದರೊಳಗೆ ಮಾತ್ರ ಇಲ್ಲ. ಜಾಸ್ತಿ ಜನ ಇದನ್ನು ನೋಡುವುದೇ ಇಲ್ಲ, ಅಷ್ಟರಲ್ಲಿ ಫೋಟೋ ಸರಿ ಬಂತಾ ಅಂತ ತಲೆ ತಗ್ಗಿಸಿರುತ್ತಾರೆ.

ಫೋಟೋ ತೆಗೆಯಲೇಬೇಕು ಅಂದರೆ ಬಾಲದ ಅಡಿಭಾಗದ್ದು ತೆಗೆ. ಅಲ್ಲಿನ ಕಪ್ಪು ಬಿಳುಪು ಚಿತ್ತಾರ ಒಂದರದ್ದು ಇನ್ನೊಂದಕ್ಕೆ ಇರುವುದಿಲ್ಲ. ಅದರಿಂದಲೇ ವಿಜ್ಞಾನಿಗಳು ಒಂದೊಂದನ್ನೂ ಗುರುತಿಟ್ಟು ಹೆಸರಿಟ್ಟಿದ್ದಾರೆ. ಸಾಲ್ಟ್ ಅನ್ನುವ ಹೆಣ್ಣು ತಿಮಿಂಗಿಲವನ್ನು 1970ರ ದಶಕದಿಂದ ಗುರುತಿಸುತ್ತಾ ಬಂದಿದ್ದಾರೆ, ಅದು ಅಜ್ಜಿಯೂ ಆಗಿದೆ. ಹ್ಯಾಪಿವೇಲ್ ಎಂಬ ಜಾಲತಾಣಕ್ಕೆ ನಿನ್ನ ಫೋಟೋ ಹಾಕಿದರೆ ನೀನು ನೋಡಿದ್ದು ಯಾವುದು ಅಂತ ಗೊತ್ತಾಗುವ ಸಾಧ್ಯತೆ ಇದೆ.

ಟಿಕೆಟ್ ಕೊಳ್ಳುವ ಮೊದಲು ಒಂದು ಕೇಳು: ಬೋಟಿನಲ್ಲಿ ವಿವರಿಸೋಕೆ ಜೀವಶಾಸ್ತ್ರ ಬಲ್ಲವರು ಇರುತ್ತಾರಾ? ಇಲ್ಲ ಅಂದರೆ ಬೇರೆ ಬೋಟು ನೋಡು. ಬರೀ ಹತ್ತಿರ ಹೋಗುತ್ತೇವೆ ಅಂತ ಜಂಬ ಕೊಚ್ಚುವವರು ನನಗೆ ಆಗುವುದಿಲ್ಲ. ರೈಟ್ ವೇಲ್ ಎಂಬ ಜಾತಿ ಅಲ್ಲಿ ಅಳಿವಿನ ಅಂಚಿನಲ್ಲಿದೆ. ಅದು ಕಂಡರೆ ಸುಮಾರು ಅರ್ಧ ಕಿಲೋಮೀಟರ್ ದೂರ ಇರಬೇಕು ಅಂತ ಕಾನೂನೇ ಇದೆ. ಒಂದು ಕಾಲಕ್ಕೆ ಇದೇ ಮ್ಯಾಸಚೂಸೆಟ್ಸ್ ರಾಜ್ಯದ ನ್ಯೂ ಬೆಡ್‌ಫರ್ಡ್ ಬಂದರು ತಿಮಿಂಗಿಲದ ಎಣ್ಣೆಯಿಂದ ಶ್ರೀಮಂತವಾಗಿತ್ತು. ಅದೇ ರಾಜ್ಯದ ಪ್ರಾವಿನ್ಸ್‌ಟೌನಿನಿಂದ 1975ರಲ್ಲಿ ನೋಡುವ ಬೋಟು ಶುರುವಾಯಿತು. ಒಂದು ವೇಳೆ ಏನೂ ಕಾಣಲಿಲ್ಲ ಅಂದರೆ ಸಾಮಾನ್ಯವಾಗಿ ಇನ್ನೊಂದು ಟಿಕೆಟ್ ಕೊಡುತ್ತಾರೆ, ದುಡ್ಡು ವಾಪಸ್ ಕೊಡುವುದು ಕಡಿಮೆ.

ಪ್ರಶ್ನೆ: ದೇವಬಾಗದಲ್ಲಿ ಡಾಲ್ಫಿನ್ ತೋರಿಸುತ್ತಾರೆ. ತಿಮಿಂಗಿಲ ಯಾಕೆ ತೋರಿಸುವುದಿಲ್ಲ, ಮಾಸ್ತರೇ?
– ಅಂಕೋಲೆಯ ಓದುಗ

ಉತ್ತರ: ಕಾಳಿ ನದಿಯ ಬಾಯಿ, ಕೂರ್ಮಗಡದ ಸುತ್ತಮುತ್ತ ಕಾಣುವ ಡಾಲ್ಫಿನ್‌ಗಳಿಗೆ ಆಳ ಕಡಿಮೆ ಇರುವ ನೀರೇ ಇಷ್ಟ. ಅದಕ್ಕೇ ದಡದಿಂದಲೂ ಕಾಣುತ್ತವೆ. ತಿಮಿಂಗಿಲಕ್ಕೆ ನಮ್ಮಲ್ಲಿ ಎಷ್ಟು ದೂರ ಹೋಗಬೇಕು, ಎಲ್ಲಿ ಸಿಗುತ್ತದೆ ಅನ್ನುವ ಖಾತ್ರಿ ಇಲ್ಲ. ಅರಬ್ಬಿ ಸಮುದ್ರದ ಹಂಪ್‌ಬ್ಯಾಕ್‌ಗಳು ಬಾಸ್ಟನ್ನಿನವುಗಳ ಹಾಗೆ ವಲಸೆಯನ್ನೂ ಹೋಗುವುದಿಲ್ಲ, ಸಂಖ್ಯೆಯೂ ತೀರಾ ಕಡಿಮೆ. 1960ರ ದಶಕದಲ್ಲಿ ಸೋವಿಯತ್ ಹಡಗುಗಳು ಕದ್ದುಮುಚ್ಚಿ 242 ಕೊಂದವು. ಆ ಪೆಟ್ಟಿನಿಂದ ಅವು ಚೇತರಿಸಿಕೊಂಡಿಲ್ಲ. ಡಾಲ್ಫಿನ್ ನೋಡೋಕೆ ನವೆಂಬರ್ ಕಳೆದ ಮೇಲೆ ಬೆಳಿಗ್ಗೆ ಬನ್ನಿ. ಬೋಟಿನವರಿಗೆ ಇಂಜಿನ್ ನಿಲ್ಲಿಸೋಕೆ ಹೇಳಿ. ಅಟ್ಟಿಸಿಕೊಂಡು ಹೋದರೆ ಮುಳುಗುತ್ತವೆ, ಅಷ್ಟೇ.

ಪ್ರಶ್ನೆ: ತಿಮಿಂಗಿಲದ ವಾಂತಿ ಸಿಕ್ಕರೆ ಕೋಟ್ಯಧಿಪತಿ ಆಗಬಹುದಂತೆ, ಹೌದಾ?
– ಭಟ್ಕಳದ ಓದುಗ

ಉತ್ತರ: ನಮ್ಮ ದೇಶದಲ್ಲಿ ಜೈಲು ಸೇರಬಹುದು. ಅದು ಸ್ಪರ್ಮ್ ವೇಲ್ ಎಂಬ ತಿಮಿಂಗಿಲದ ಕರುಳಿನಲ್ಲಿ ಆಗುವ ಗಟ್ಟಿ. ಆ ಪ್ರಾಣಿಗೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಮಾರಿದರೂ ಕೊಂಡರೂ ಕೇಸು. ನಿಮ್ಮ ಪಕ್ಕದ ಮುರ್ಡೇಶ್ವರದ ಮೀನುಗಾರರೊಬ್ಬರು ಸಿಕ್ಕಿದ್ದನ್ನು ಅರಣ್ಯ ಇಲಾಖೆಗೇ ಒಪ್ಪಿಸಿದ್ದರು. ನಿಮಗೂ ಸಿಕ್ಕರೆ ಅದನ್ನೇ ಮಾಡಿ.