ಗಾಡಿ ನಿಂತ ಜಾಗದಲ್ಲೇ ಸ್ಪಾರ್ಕ್ ನೋಡಿ

ಉಸ್ತಾದರ ಕಟ್ಟೆ: ಹಳೇ ಕಾರು ಇಟ್ಟುಕೊಂಡವರ ಪ್ರಶ್ನೆಗಳಿಗೆ ಬಳ್ಳಾರಿ ಕೌಲ್ ಬಜಾರಿನ ಮೆಕ್ಯಾನಿಕ್ ಉತ್ತರ

ಪ್ರಶ್ನೆ: ಉಸ್ತಾದರೇ, ನನ್ನದು 1977ರ ಅಂಬಾಸಿಡರ್ ಮಾರ್ಕ್-3, ಪೆಟ್ರೋಲ್ ಗಾಡಿ. ಹೋದ ತಿಂಗಳು ಟ್ಯೂನಿಂಗ್ ಮಾಡಿಸಿದೆ. ಪಾಯಿಂಟ್, ಕಂಡೆನ್ಸರ್, ಪ್ಲಗ್ ಎಲ್ಲಾ ಹೊಸದು. ಹುಡುಗ ಆಕ್ಸಾ ಬ್ಲೇಡ್ ತುಂಡು ಇಟ್ಟು ಗ್ಯಾಪ್ ನೋಡಿದ. ಮನೆಗೆ ಬರುವಾಗಲೇ ಏರಿನಲ್ಲಿ ಕಟಕಟ ಸದ್ದು. ವಾಪಸ್ ಹೋದರೆ ಡೆಲ್ಕೋ (ಸ್ಪಾರ್ಕನ್ನು ಪ್ಲಗ್‌ಗಳಿಗೆ ಹಂಚುವ ಡಿಸ್ಟ್ರಿಬ್ಯೂಟರ್) ತಿರುಗಿಸಿ ಸದ್ದು ನಿಲ್ಲಿಸಿದ. ಈಗ ಅರವತ್ತು ದಾಟಿದರೆ ಮಿಸ್ಸಿಂಗ್. ಬಳ್ಳಾರಿಗೆ ಮಗಳ ಮನೆಗೆ ಹೊರಟರೆ ಗಿಣಿಗೇರಿ ದಾಟಿ ಮುನಿರಾಬಾದ್ ಬರುವಷ್ಟರಲ್ಲಿ ಆಫ್. ಅರ್ಧ ಗಂಟೆ ಬಿಟ್ಟರೆ ಏನೂ ಆಗದವರ ಹಾಗೆ ಸ್ಟಾರ್ಟ್ ಆಗುತ್ತೆ. ಸ್ಪಾರ್ಕ್ ಬರುವ ಟೈಮಿಂಗ್ ಮೂರು ಸಲ ಮಾಡಿಸಿದೆ. ಇನ್ನೂ ಸರಿ ಇಲ್ವಾ?
– ನಿವೃತ್ತ ಶಿಕ್ಷಕ, ಕೊಪ್ಪಳ

ಉತ್ತರ: ಮಾಸ್ತರೇ, ಅರ್ಧ ಉತ್ತರ ನೀವೇ ಬರೆದಿದ್ದೀರಿ. ಆ ಆಕ್ಸಾ ಬ್ಲೇಡ್! ಅದರ ದಪ್ಪ ಹೆಚ್ಚುಕಡಿಮೆ 25 ಥೌ, ಅಂದರೆ ಇಂಚಿನ ಸಾವಿರ ಪಾಲಿನಲ್ಲಿ 25. ನಿಮ್ಮ 1489 ಸಿಸಿ ಎಂಜಿನ್ನಿನ ಪ್ಲಗ್ ಗ್ಯಾಪ್ ಕೂಡ 25 ಥೌ. ಪ್ಲಗ್ಗಿಗೆ ಬ್ಲೇಡ್ ಇಟ್ಟರೆ ನಾನು ಬೈಯುವುದಿಲ್ಲ, ರಸ್ತೆಯಲ್ಲಿ ಸಿಕ್ಕಿಬಿದ್ದಾಗ ನಾನೂ ಇಟ್ಟಿದ್ದೇನೆ. ಆದರೆ ಡೆಲ್ಕೋ ಒಳಗೆ ತೆರೆದು ಮುಚ್ಚುವ ಸ್ವಿಚ್ ಇದೆಯಲ್ಲ, ಆ ಪಾಯಿಂಟ್ ಗ್ಯಾಪ್ 14ರಿಂದ 16 ಥೌ ಇರಬೇಕು. ಅಲ್ಲಿಗೂ ಅದೇ ಬ್ಲೇಡ್ ಹೋಗಿದೆ.

ಪಾಯಿಂಟ್ ಗ್ಯಾಪ್ ಜಾಸ್ತಿ ಆದರೆ ಪಾಯಿಂಟ್ ಬೇಗ ತೆರೆಯುತ್ತದೆ. ಬೇಗ ತೆರೆದರೆ ಸ್ಪಾರ್ಕ್ ಬೇಗ ಬರುತ್ತದೆ. ಅದಕ್ಕೇ ಏರಿನಲ್ಲಿ ಕಟಕಟ. ಹುಡುಗ ಡೆಲ್ಕೋ ಹಿಂದಕ್ಕೆ ತಿರುಗಿಸಿದ, ಸದ್ದು ನಿಂತಿತು. ಗ್ಯಾಪ್ ಮಾತ್ರ ಹಾಗೇ ಉಳಿಯಿತು. ಗ್ಯಾಪ್ ದೊಡ್ಡದಿದ್ದರೆ ಪಾಯಿಂಟ್ ಮುಚ್ಚಿಕೊಂಡಿರುವ ಹೊತ್ತು ಕಮ್ಮಿ. ಸ್ಪಾರ್ಕಿಗೆ ಕರೆಂಟ್ ಕೊಡುವ ಕಾಯಿಲ್ ತುಂಬಿಕೊಳ್ಳುವುದು ಆ ಹೊತ್ತಿನಲ್ಲೇ. ನಲ್ಲಿ ನೀರು ಬಂದ ದಿನ ಕೊಡ ತುಂಬುವ ಮೊದಲೇ ಎತ್ತಿಕೊಂಡು ಓಡಿದ ಹಾಗೆ. ಮೆಲ್ಲಗೆ ಹೋಗುವಾಗ ಗೊತ್ತಾಗಲ್ಲ, ಸ್ಪೀಡಿನಲ್ಲಿ ಮಿಸ್ಸಿಂಗ್.

ಹಾಗಾಗಿ ಮೊದಲು 15 ಥೌ ಫೀಲರ್ ಗೇಜ್ (ಗ್ಯಾಪ್ ಅಳೆಯುವ ತೆಳು ಪಟ್ಟಿ) ತನ್ನಿ. ಡೆಲ್ಕೋ ಕ್ಯಾಪ್ ಬಿಚ್ಚಿ, ಹ್ಯಾಂಡಲ್ ಹಾಕಿ ಎಂಜಿನ್ ಮೆಲ್ಲಗೆ ತಿರುಗಿಸಿ. ಪಾಯಿಂಟ್ ಪೂರ್ತಿ ತೆರೆದ ಜಾಗದಲ್ಲಿ ನಿಲ್ಲಿಸಿ ಗೇಜ್ ತೂರಿಸಿ. ಬಿಗಿಯಾಗಿ ಮುಚ್ಚಿದ ಪುಸ್ತಕದಿಂದ ನೋಟು ಎಳೆದ ಹಾಗೆ ಬರಬೇಕು. ಸ್ಕ್ರೂ ಬಿಗಿದ ಮೇಲೆ ಇನ್ನೊಮ್ಮೆ ನೋಡಿ, ಬಿಗಿಯುವಾಗಲೇ ಅದು ಜರುಗುತ್ತದೆ. ಪಾಯಿಂಟ್ ತೆರೆಸುವ ಕ್ಯಾಮಿಗೆ ಬೆರಳ ತುದಿಯಷ್ಟು ಗ್ರೀಸ್ ಸಾಕು. ಜಾಸ್ತಿ ಆದರೆ ಪಾಯಿಂಟ್ ಮೇಲೆ ಹಾರಿ ಕೂರುತ್ತದೆ.

ಇನ್ನು ಗಾಡಿ ಬಿಸಿಯಾಗಿ ದಾರಿಯಲ್ಲಿ ನಿಲ್ಲೋ ಕಥೆ. ಇದು ಬೇರೆ ಕಾಯಿಲೆ. ಟೈಮಿಂಗ್ ಅರ್ಧ ಗಂಟೆಯಲ್ಲಿ ತಾನಾಗಿ ಕೆಟ್ಟು ತಾನಾಗಿ ಸರಿಹೋಗುವುದಿಲ್ಲ. ಮನೆ ಮುಂದೆ, ತಣ್ಣಗಿರುವಾಗ, ಎಷ್ಟು ಹುಡುಕಿದರೂ ಇದು ಸಿಗಲ್ಲ. ಮುನಿರಾಬಾದಿನಲ್ಲಿ ನಿಂತರೆ ಅಲ್ಲೇ ಬಾನೆಟ್ ಎತ್ತಿ. ಜೊತೆಗೊಂದು ಹಳೇ ಪ್ಲಗ್ ಇಟ್ಟುಕೊಂಡಿರಿ. ಒಂದು ಪ್ಲಗ್ ವೈರ್ ಎಳೆದು ಅದಕ್ಕೆ ಸಿಕ್ಕಿಸಿ. ರಬ್ಬರ್ ಹಿಡಿಯ ಇಕ್ಕಳದಿಂದ ಹಿಡಿದು ಪ್ಲಗ್ಗಿನ ಮೈ ಎಂಜಿನ್ನಿಗೆ ತಾಗಿಸಿ, ಒಬ್ಬರಿಗೆ ಸೆಲ್ಫ್ ಹೊಡೆಯಲು ಹೇಳಿ. ಪೆಟ್ರೋಲ್ ಸೋರುತ್ತಿದ್ದರೆ ಮಾತ್ರ ಈ ಕೆಲಸ ಬೇಡ.

ನೀಲಿ ಸ್ಪಾರ್ಕ್ ಚಟಚಟ ಅಂತ ಬಂದರೆ ಕರೆಂಟಿನ ತಪ್ಪಲ್ಲ, ಪೆಟ್ರೋಲ್ ಕಡೆ ನೋಡಿ. ನಮ್ಮ ಬಿಸಿಲಿಗೆ ಪೆಟ್ರೋಲ್ ಪೈಪಿನಲ್ಲೇ ಆವಿ ಆಗುತ್ತದೆ. ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿದಾಗ ಸ್ಟಾರ್ಟ್ ಆದರೆ ಅದೇ ಕಾರಣ. ಸ್ಪಾರ್ಕ್ ಇಲ್ಲ, ಅಥವಾ ತೆಳ್ಳಗೆ ಹಳದಿ ಇದೆ ಅಂದರೆ ಕಾಯಿಲ್, ಪಾಯಿಂಟ್ ಸುಡದಂತೆ ಕಾಯುವ ಕಂಡೆನ್ಸರ್, ಡೆಲ್ಕೋ ಒಳಗಿನ ವೈರು, ಈ ಮೂರರಲ್ಲಿ ಒಂದು. ಕ್ಯಾಪ್ ತೆಗೆದು, ಕೀ ಆನ್ ಇಟ್ಟು, ಮುಚ್ಚಿರುವ ಪಾಯಿಂಟನ್ನು ಸಣ್ಣ ಕಡ್ಡಿಯಿಂದ ತೆರೆಯಿರಿ. ಪಾಯಿಂಟ್ ಮೇಲೇ ದಪ್ಪ ಕಿಡಿ ಹಾರಿ, ಮೊದಲು ಸೆಲ್ಫ್ ಹೊಡೆದಾಗ ಪ್ಲಗ್ಗಿನಲ್ಲಿ ಏನೂ ಬಂದಿರದಿದ್ದರೆ ಕಂಡೆನ್ಸರ್ ಹೋಗಿದೆ. ಹೊಸದು ಅಂತ ನಂಬಬೇಡಿ. ಒಂದು ಅಂಗಡಿಯಿಂದ ತಂದ ಡಬ್ಬಿಯಲ್ಲಿ ನಾಲ್ಕಕ್ಕೆ ಎರಡು ಬಿಸಿಯಾದೊಡನೆ ಕೈಕೊಟ್ಟಿದ್ದವು. ಹಳೇದು ಎಸೆದಿಲ್ಲ ತಾನೇ? ಅದನ್ನೇ ಹಾಕಿ ಮುನಿರಾಬಾದ್ ತನಕ ಹೋಗಿಬನ್ನಿ.

ಡೆಲ್ಕೋ ಒಳಗಿನ ಆ ವೈರಿನ ವಿಷಯಕ್ಕೆ ನಾನು ಒಂದು ದಿನ ಅನುಭವಿಸಿದ್ದೇನೆ. ಕೆಲಸ ಕಲಿಯುತ್ತಿದ್ದ ಕಾಲ. ಒಂದು ಟ್ಯಾಕ್ಸಿ ಅಂಬಾಸಿಡರ್ ಸಂಡೂರಿನ ಏರಿನಲ್ಲಿ ಎಕ್ಸಲರೇಟರ್ ಒತ್ತಿದರೆ ಸಾಕು, ಕೆಮ್ಮಿ ನಿಲ್ಲುತ್ತಿತ್ತು. ಕಾರ್ಬೊರೇಟರ್ ಮೂರು ಸಲ ಬಿಚ್ಚಿದೆ. ಮೈಯೆಲ್ಲ ಅದಿರಿನ ಕೆಂಪು ಧೂಳು. ನನ್ನ ಉಸ್ತಾದ್ ಬಂದರು. ಒಗ್ಗರಣೆ-ಮಿರ್ಚಿ ಪೊಟ್ಟಣ ನನ್ನ ಕೈಗೆ ಕೊಟ್ಟು, ಡೆಲ್ಕೋ ಒಳಗೆ ಪಾಯಿಂಟ್ ಪ್ಲೇಟಿನಿಂದ ಡೆಲ್ಕೋ ಮೈಗೆ ಹೋಗುವ ಬೆರಳುದ್ದದ ಅರ್ತ್ ವೈರ್ ಹಿಡಿದು ಮೆಲ್ಲಗೆ ಎಳೆದರು. ಹೊರಗಿನ ಬಟ್ಟೆ ಕವಚ ಹಾಗೇ ಇದೆ, ವೈರ್ ಮಾತ್ರ ರಬ್ಬರಿನ ಹಾಗೆ ಉದ್ದ ಬಂತು. ಒಳಗೆ ತಾಮ್ರ ತುಂಡಾಗಿತ್ತು! ಎಂಜಿನ್ನಿನ ವ್ಯಾಕ್ಯೂಮ್ (ಗಾಳಿಯ ಎಳೆತ) ಆ ಪ್ಲೇಟನ್ನು ಆಚೀಚೆ ಎಳೆಯುತ್ತಲೇ ಇರುತ್ತದೆ ಅಲ್ವಾ, ತಂತಿ ಬಳಲಿ ಮುರಿಯುತ್ತದೆ. ನಿಮ್ಮ ಗಾಡಿಯಲ್ಲೂ ಅದನ್ನೂ, ಪಾಯಿಂಟಿಗೆ ಬರುವ ವೈರನ್ನೂ ಹೀಗೇ ಎಳೆದು ನೋಡಿ.

ಕಾಯಿಲ್ ಬಿಸಿ ಆಗುವುದು ಸಹಜ. ಕೈ ಇಡಲಾಗದಷ್ಟು ಕಾದರೆ ಅನುಮಾನ ಪಡಿ. ಮತ್ತೊಂದು, ಎಂಜಿನ್ ನಿಲ್ಲಿಸಿ ಕೀ ಆನ್ ಬಿಟ್ಟು ಕೂರಬೇಡಿ. ಪಾಯಿಂಟ್ ಮುಚ್ಚಿದ ಜಾಗದಲ್ಲಿ ನಿಂತಿದ್ದರೆ ಕಾಯಿಲ್ ಸುಮ್ನೆ ಸುಡುತ್ತದೆ.

ಟೈಮಿಂಗ್ ಇದೆಲ್ಲಾ ಮುಗಿದ ಮೇಲೆ. ಒಂದನೇ ಸಿಲಿಂಡರ್ ಕಂಪ್ರೆಷನ್ನಿಗೆ ತಂದು, ಪುಲ್ಲಿಯ ಗುರುತನ್ನು ನಿಮ್ಮ ಹ್ಯಾಂಡ್‌ಬುಕ್ಕಿನ ಡಿಗ್ರಿಗೆ ನಿಲ್ಲಿಸಿ. ಡೆಲ್ಕೋಗೆ ಹೋಗುವ ಕಾಯಿಲ್ ಟರ್ಮಿನಲ್ಲಿಗೂ ಬಾಡಿಗೂ 12 ವೋಲ್ಟ್ ಬಲ್ಬ್ ಕಟ್ಟಿ ಕೀ ಆನ್ ಮಾಡಿ. ಡೆಲ್ಕೋ ತಿರುಗಿಸುತ್ತಾ ಬಲ್ಬ್ ಹೊತ್ತಿಕೊಳ್ಳುವ ಕ್ಷಣಕ್ಕೆ ಬಿಗಿಯಿರಿ. ಡೆಲ್ಕೋ ಒಳಗಿನ ರೋಟರ್ ತಿರುಗುವುದು ಗಡಿಯಾರದ ಉಲ್ಟಾ ದಿಕ್ಕಿಗೆ, ನೆನಪಿರಲಿ. ಡೆಲ್ಕೋ ಮೇಲೆ ಎ (ಸ್ಪಾರ್ಕ್ ಬೇಗ), ಆರ್ (ತಡ) ಅಂತ ಬರೆದ ಸಣ್ಣ ಗುಂಡಿ ಇದ್ದರೆ ಕೊನೆಯ ಕೂದಲೆಳೆ ಅದರಲ್ಲಿ. ಮೊಮ್ಮಕ್ಕಳ ಕೈಗೆ ಮಾತ್ರ ಸಿಗಬಾರದು.

ಪ್ರಶ್ನೆ: ಅಪ್ಪನ ಪ್ರೀಮಿಯರ್ ಪದ್ಮಿನಿ ಓಡಿಸುತ್ತಿದ್ದೇನೆ. ಹೊಸ ಪ್ಲಗ್ ವಾರದಲ್ಲೇ ಕಪ್ಪು. ಸ್ಪಾರ್ಕ್ ವೀಕಾ?
– ಬ್ಯಾಂಕ್ ಉದ್ಯೋಗಿ, ರಾಯಚೂರು

ಉತ್ತರ: ಕಪ್ಪು ಒಣಗಿದ್ದು ಕಾಡಿಗೆ ಹಾಗೆ ಒರೆಸಿ ಬಂದರೆ ಪೆಟ್ರೋಲ್ ಜಾಸ್ತಿ ಹೋಗುತ್ತಿದೆ ತಾಯಿ. ಎಣ್ಣೆ ಎಣ್ಣೆ ಇದ್ದರೆ ಪಿಸ್ಟನ್ ರಿಂಗ್ ಅಥವಾ ವಾಲ್ವ್ ಗೈಡ್ ಸವೆದಿದೆ, ಅದು ದೊಡ್ಡ ಕೆಲಸ. ಮೊದಲು ಚೋಕ್ ನೋಡಿ. ಒಳಗೆ ತಳ್ಳಿದರೂ ಕಾರ್ಬೊರೇಟರ್ ಹತ್ತಿರ ಪೂರ್ತಿ ವಾಪಸ್ ಬರದೆ ಅರ್ಧದಲ್ಲಿ ಕೂತಿರುತ್ತದೆ. ಕೇಬಲ್ ಬಿಚ್ಚಿ, ಎರಡು ಹನಿ ಎಣ್ಣೆ ಬಿಟ್ಟು, ಪ್ಲಗ್ ಒರೆಸಿ ವಾರ ಓಡಿಸಿ. ಆಮೇಲೂ ಕಪ್ಪಾದರೆ ಬರೆಯಿರಿ.