ಒಂದನೇ ದರ್ಜೆಯ ಲೈಸೆನ್ಸ್ ಇದ್ದರೆ ಸಾಕೇ?

ಓದುಗರ ಪ್ರಶ್ನೆ – ತಜ್ಞರ ಉತ್ತರ

ಸರ್ಕಾರಿ ಕಾಮಗಾರಿಗಳ ಟೆಂಡರ್ ಕುರಿತು ಪ್ರಶ್ನೆಗಳನ್ನು ಆಹ್ವಾನಿಸಿದಾಗ ಬಂದ ಪತ್ರಗಳಲ್ಲಿ ಹೆಚ್ಚಿನವು ಗುತ್ತಿಗೆದಾರರ ನೋಂದಣಿ ಮತ್ತು ದರ್ಜೆಗೆ ಸಂಬಂಧಿಸಿದ್ದವು. ಆಯ್ದ ಕೆಲವಕ್ಕೆ ನಿವೃತ್ತ ಕಾರ್ಯಪಾಲಕ ಇಂಜಿನಿಯರ್ ಒಬ್ಬರು ಇಲ್ಲಿ ಉತ್ತರಿಸಿದ್ದಾರೆ. ಪತ್ರ ಬರೆದವರ ಕೋರಿಕೆಯಂತೆ ಹೆಸರುಗಳನ್ನು ಕೈಬಿಡಲಾಗಿದೆ.

ಪ್ರಶ್ನೆ: ಸಿವಿಲ್ ಡಿಪ್ಲೊಮಾ ಮುಗಿಸಿ ಆರು ವರ್ಷಗಳಿಂದ ದೊಡ್ಡ ಗುತ್ತಿಗೆದಾರರೊಬ್ಬರ ಬಳಿ ಸೈಟ್ ಸೂಪರ್‌ವೈಸರ್ ಆಗಿದ್ದೇನೆ. ಕೋಟಿಗಟ್ಟಲೆ ಮೌಲ್ಯದ ಕೆಲಸಗಳನ್ನು ನಾನೇ ನಿಂತು ಮಾಡಿಸಿದ್ದೇನೆ. ಸ್ವಂತ ಲೈಸೆನ್ಸ್ ಮಾಡಿಸುವಾಗ ನೇರವಾಗಿ ಎರಡನೇ ದರ್ಜೆಗೆ ಅರ್ಜಿ ಹಾಕಬಹುದೇ? (ರಾಣೆಬೆನ್ನೂರು)

ಉತ್ತರ: ಮೊದಲು ಒಂದು ಮಾತು. ನಾವೆಲ್ಲರೂ ರೂಢಿಯಲ್ಲಿ ‘ಲೈಸೆನ್ಸ್’ ಎನ್ನುವುದು ವಾಸ್ತವದಲ್ಲಿ ಲೈಸೆನ್ಸ್ ಅಲ್ಲ. ವಿದ್ಯುತ್ ಕೆಲಸ ಮಾಡುವವರಿಗೆ ವಿದ್ಯುತ್ ಪರಿವೀಕ್ಷಣಾಲಯ ಕೊಡುವಂಥದ್ದು ಲೈಸೆನ್ಸ್; ಅದಿಲ್ಲದೆ ಆ ಕೆಲಸಕ್ಕೆ ಕೈಹಾಕುವಂತಿಲ್ಲ. ಲೋಕೋಪಯೋಗಿ ಇಲಾಖೆಯಲ್ಲಿ ಸಿವಿಲ್ ಗುತ್ತಿಗೆದಾರರಿಗೆ ಆಗುವುದು ನೋಂದಣಿ ಮಾತ್ರ. ಇಂಥವರು ಇಷ್ಟು ಮೊತ್ತದವರೆಗಿನ ಕಾಮಗಾರಿಯ ಟೆಂಡರಿನಲ್ಲಿ ಭಾಗವಹಿಸಬಹುದು ಎಂದು ಪಟ್ಟಿಯೊಂದರಲ್ಲಿ ಹೆಸರು ಬರೆದುಕೊಳ್ಳುತ್ತಾರೆ, ಅಷ್ಟೆ. ಒಂದನೇ ದರ್ಜೆ ಎಲ್ಲಕ್ಕಿಂತ ಮೇಲಿನದು; ಕೆಳಗಿನ ದರ್ಜೆಗಳಿಗೆ ಮೊತ್ತದ ಮಿತಿಯಿರುತ್ತದೆ. ಈ ಮಿತಿಗಳು ಸರ್ಕಾರಿ ಆದೇಶಗಳ ಮೂಲಕ ಆಗಾಗ ಬದಲಾಗುವುದರಿಂದ ಹಳೆಯ ಸುತ್ತೋಲೆಯನ್ನು ನಂಬದೆ, ಅರ್ಜಿ ಹಾಕುವ ದಿನ ಚಾಲ್ತಿಯಲ್ಲಿರುವ ಆದೇಶವನ್ನು ವಿಭಾಗೀಯ ಕಚೇರಿಯಲ್ಲಿ ಕೇಳಿ ನೋಡಿಕೊಳ್ಳಿ.

ನಿಮ್ಮ ಆರು ವರ್ಷದ ದುಡಿಮೆ ನಿಮಗೆ ಕೆಲಸ ಕಲಿಸಿದೆ, ಆದರೆ ಕಾಗದದ ಮೇಲೆ ಆ ಕೆಲಸಗಳು ನಿಮ್ಮ ಮಾಲೀಕರವು. ಬ್ಯಾಂಕಿನ ಆರ್ಥಿಕ ಸಾಮರ್ಥ್ಯ ಪ್ರಮಾಣಪತ್ರ, ಯಂತ್ರೋಪಕರಣ ಮತ್ತು ತಾಂತ್ರಿಕ ಸಿಬ್ಬಂದಿ, ನಿಮ್ಮ ಹೆಸರಿನಲ್ಲೇ ಮುಗಿಸಿದ ಕಾಮಗಾರಿಗಳ ಮೊತ್ತ, ಇವುಗಳ ಮೇಲೆ ದರ್ಜೆ ನಿಲ್ಲುತ್ತದೆ. ಆದ್ದರಿಂದ ಕೆಳಗಿನ ದರ್ಜೆಯಿಂದಲೇ ಆರಂಭಿಸಬೇಕಾಗುತ್ತದೆ. ಮೊದಲ ಕಾಮಗಾರಿಯಿಂದಲೇ ಪ್ರತಿಯೊಂದಕ್ಕೂ ಒಂದು ಫೈಲ್ ಇಡಿ. ಅದರಲ್ಲಿ ಕಾರ್ಯಾದೇಶ, ಅಂತಿಮ ಬಿಲ್ಲಿನ ಪ್ರತಿ, ಅಳತೆ ಪುಸ್ತಕದ ಸಂಖ್ಯೆ ಮತ್ತು ಪುಟ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ ಹಾಗೂ ಆ ವರ್ಷದ 26ಎಎಸ್ ಪ್ರತಿ ಇರಲಿ. ಬಿಲ್ ಪಾವತಿಯಾಗುವಾಗ ಕಡಿತವಾದ ಆದಾಯ ತೆರಿಗೆ ಈ ಕೊನೆಯ ಕಾಗದದಲ್ಲಿ ಕಾಣುವುದರಿಂದ, ನಿಮ್ಮ ಟರ್ನ್‌ಓವರನ್ನು ಪ್ರಶ್ನಿಸುವವರಿಗೆ ಇದಕ್ಕಿಂತ ಗಟ್ಟಿಯಾದ ಉತ್ತರ ಇನ್ನೊಂದಿಲ್ಲ.

ಪ್ರಶ್ನೆ: ನಾನು ಒಂದನೇ ದರ್ಜೆಯ ಗುತ್ತಿಗೆದಾರ. 12 ತಿಂಗಳ ಅವಧಿಯ, ₹3 ಕೋಟಿಯ ರಸ್ತೆ ಕಾಮಗಾರಿಯ ಟೆಂಡರಿನಲ್ಲಿ ‘ಬಿಡ್ ಸಾಮರ್ಥ್ಯವಿಲ್ಲ’ ಎಂದು ನನ್ನ ತಾಂತ್ರಿಕ ಲಕೋಟೆಯನ್ನು (ಅರ್ಹತೆಯ ದಾಖಲೆಗಳಿರುವ ಲಕೋಟೆ) ತಿರಸ್ಕರಿಸಿದರು. ಕಳೆದ ಐದು ವರ್ಷಗಳಲ್ಲಿ ನನ್ನ ಅತ್ಯುತ್ತಮ ವರ್ಷದ ಕೆಲಸ ₹4 ಕೋಟಿಯದು. ಸದ್ಯ ಕೈಯಲ್ಲಿರುವ ಕಾಮಗಾರಿಗಳಲ್ಲಿ ₹5 ಕೋಟಿಯಷ್ಟು ಬಾಕಿಯಿದೆ. ಒಂದನೇ ದರ್ಜೆಯವನಿಗೆ ಸಾಮರ್ಥ್ಯವಿಲ್ಲವೆಂದರೆ ಏನರ್ಥ? (ಕೊಪ್ಪಳ ಜಿಲ್ಲೆ)

ಉತ್ತರ: ನಿಮ್ಮ ಸಿಟ್ಟು ಅರ್ಥವಾಗುತ್ತದೆ, ಆದರೆ ದರ್ಜೆ ಮತ್ತು ಅರ್ಹತೆ ಎರಡೂ ಒಂದೇ ಎಂಬ ತಿಳಿವಳಿಕೆಯೇ ಈ ಸಿಟ್ಟಿನ ಮೂಲ. ನೀವು ಎಷ್ಟು ದೊಡ್ಡ ಕೆಲಸಕ್ಕೆ ಬರಬಹುದು ಎಂಬುದನ್ನು ದರ್ಜೆ ಒಮ್ಮೆ ಹೇಳಿ ಸುಮ್ಮನಾಗುತ್ತದೆ. ಇವತ್ತಿನ ದಿನ ಇನ್ನೊಂದು ಕೆಲಸ ಹೊರುವಷ್ಟು ನಿಮ್ಮ ಕೈ ಖಾಲಿಯಿದೆಯೇ ಎಂಬುದನ್ನು ಪ್ರತಿ ಟೆಂಡರಿನಲ್ಲೂ ಹೊಸದಾಗಿ ಲೆಕ್ಕ ಹಾಕಬೇಕು.

ಕರ್ನಾಟಕದ ಕೆ.ಡಬ್ಲ್ಯೂ-4 ಮಾದರಿ ಟೆಂಡರ್ ದಾಖಲೆಯಲ್ಲಿರುವ ಸೂತ್ರ ಹೀಗಿದೆ: ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಮಾಡಿದ ಗರಿಷ್ಠ ಕೆಲಸದ ಮೊತ್ತವನ್ನು ಇಂದಿನ ಬೆಲೆಗೆ ಏರಿಸಿಕೊಂಡು, ಅದನ್ನು ಹೊಸ ಕಾಮಗಾರಿಯ ಅವಧಿಯಿಂದ (ವರ್ಷಗಳಲ್ಲಿ) ಗುಣಿಸಿ, ಮತ್ತೆ 1.5ರಿಂದ ಗುಣಿಸಿ, ಬಂದ ಮೊತ್ತದಿಂದ ಕೈಯಲ್ಲಿರುವ ಕೆಲಸಗಳ ಪೈಕಿ ಆ ಅವಧಿಯೊಳಗೆ ಮುಗಿಸಬೇಕಾದ ಭಾಗವನ್ನು ಕಳೆಯಬೇಕು. ಉಳಿದದ್ದು ಟೆಂಡರ್ ಮೊತ್ತಕ್ಕಿಂತ ಕಡಿಮೆಯಿರಬಾರದು. ಬೆಲೆ ಏರಿಕೆಯನ್ನು ಸದ್ಯಕ್ಕೆ ಬದಿಗಿಟ್ಟು ನಿಮ್ಮ ಲೆಕ್ಕವನ್ನೇ ನೋಡೋಣ. 4ನ್ನು 1ರಿಂದ, ಮತ್ತೆ 1.5ರಿಂದ ಗುಣಿಸಿದರೆ ₹6 ಕೋಟಿ. ನೀವು ಲಗತ್ತಿಸಿದ ತಿರಸ್ಕಾರ ಪತ್ರದ ಪ್ರಕಾರ ಕಚೇರಿಯವರು ಅದರಿಂದ ಬಾಕಿ ₹5 ಕೋಟಿಯನ್ನು ಇಡಿಯಾಗಿ ಕಳೆದು ₹1 ಕೋಟಿ ಉಳಿಯಿತು ಎಂದಿದ್ದಾರೆ. ಇದು ತಪ್ಪು. ನಿಮ್ಮ ಪಟ್ಟಿಯಂತೆ ಮುಂದಿನ 12 ತಿಂಗಳಲ್ಲಿ ಮುಗಿಯಬೇಕಾದದ್ದು ₹3.5 ಕೋಟಿ ಮಾತ್ರ. ಉಳಿದದ್ದು ಅದರ ಮುಂದಿನ ಆರು ತಿಂಗಳಿಗೆ ಸೇರಿದ್ದು. ಹಾಗಾಗಿ ನಿಮಗೆ ಉಳಿಯಬೇಕಾದದ್ದು ₹2.5 ಕೋಟಿ. ಆದರೂ ಅದು ₹3 ಕೋಟಿಗಿಂತ ಕಡಿಮೆಯೇ. ಕಚೇರಿಯವರ ಕೂಡು-ಕಳೆ ತಪ್ಪಿದೆ, ತೀರ್ಮಾನ ತಪ್ಪಿಲ್ಲ. ಮೇಲ್ಮನವಿ ಸಲ್ಲಿಸುವುದಿದ್ದರೆ, ಬೆಲೆ ಏರಿಕೆ ಸೇರಿಸಿದಾಗ ಆ ಅರ್ಧ ಕೋಟಿ ತುಂಬಿ ಬರುತ್ತದೆಯೇ ಎಂಬುದನ್ನು ಮೊದಲು ನೋಡಿ. ನಿಮ್ಮ ₹4 ಕೋಟಿಯ ವರ್ಷ ನಾಲ್ಕು-ಐದು ವರ್ಷ ಹಳೆಯದಾಗಿದ್ದರೆ ತುಂಬಿ ಬಂದರೂ ಬಂದೀತು.

ಇದೇ ಕಾಮಗಾರಿಗೆ 18 ತಿಂಗಳ ಅವಧಿ ಇಟ್ಟಿದ್ದರೆ ಏನಾಗುತ್ತಿತ್ತು? 4ನ್ನು 1.5ರಿಂದ ಎರಡು ಸಲ ಗುಣಿಸಿದರೆ ₹9 ಕೋಟಿ. ಬಾಕಿ ₹5 ಕೋಟಿಯನ್ನು ಪೂರ್ತಿ ಕಳೆದರೂ ₹4 ಕೋಟಿ ಉಳಿದು ನೀವು ಸಲೀಸಾಗಿ ಅರ್ಹರಾಗುತ್ತಿದ್ದಿರಿ. ಟೆಂಡರ್ ಪ್ರಕಟಣೆಯಲ್ಲಿ ಅವಧಿಯ ಕಾಲಂ ತುಂಬುವ ಇಂಜಿನಿಯರ್ ತನಗೆ ಗೊತ್ತಿಲ್ಲದೆಯೇ ಯಾರು ಒಳಗೆ, ಯಾರು ಹೊರಗೆ ಎಂಬುದನ್ನು ಬರೆಯುತ್ತಿರುತ್ತಾನೆ. ಕೆಲವೊಮ್ಮೆ ಗೊತ್ತಿದ್ದೂ ಬರೆಯುತ್ತಾನೆ.

ಈ ಸೂತ್ರದ ದುರ್ಬಲ ಕೊಂಡಿಯೆಂದರೆ ಕೈಯಲ್ಲಿರುವ ಕೆಲಸಗಳ ಪಟ್ಟಿ, ಏಕೆಂದರೆ ಅದನ್ನು ಕೊಡುವವರು ಗುತ್ತಿಗೆದಾರರೇ. ನೀರಾವರಿ ನಿಗಮದ, ನಗರಸಭೆಯ, ಪಂಚಾಯತ್ ರಾಜ್ ಇಂಜಿನಿಯರಿಂಗ್ ವಿಭಾಗದ ಕೆಲಸಗಳನ್ನು ಅದರಲ್ಲಿ ‘ಮರೆಯುವುದು’ ಹೊಸದೇನಲ್ಲ. ನೀವು ಪ್ರಾಮಾಣಿಕವಾಗಿ ₹5 ಕೋಟಿ ಎಂದು ಬರೆದು ಹೊರಬಿದ್ದಿರಿ. ಬರೆಯದವರು ಒಳಗೆ ಉಳಿದಿರಬಹುದು. ಇತರ ಬಿಡ್‌ದಾರರಿಗೆ ವಹಿಸಲಾಗಿರುವ ಕಾಮಗಾರಿಗಳನ್ನು ರಾಜ್ಯದ ಸಂಗ್ರಹಣಾ (ಇ-ಪ್ರೊಕ್ಯೂರ್‌ಮೆಂಟ್) ಪೋರ್ಟಲಿನಲ್ಲಿ ಹುಡುಕಿ ನೋಡಿ. ಸುಳ್ಳು ಘೋಷಣೆ ಸಾಬೀತಾದರೆ ಅವರ ಅರ್ಹತೆ ಹೋಗುತ್ತದೆ.

ಪ್ರಶ್ನೆ: ನಮ್ಮೂರಿನ ಕಾಂಕ್ರೀಟ್ ರಸ್ತೆ ಎಂಟೇ ತಿಂಗಳಿಗೆ ಮೇಲ್ಪದರ ಕಿತ್ತು ಜಲ್ಲಿ ಕಾಣುತ್ತಿದೆ. ಫಲಕದಲ್ಲಿ ಇರುವುದು ಒಂದನೇ ದರ್ಜೆ ಗುತ್ತಿಗೆದಾರರ ಹೆಸರು. ನಿಂತು ಕೆಲಸ ಮಾಡಿಸಿದವರು ಬೇರೆಯವರು. ಒಂದನೇ ದರ್ಜೆಯವರ ಕೆಲಸವೇ ಹೀಗಾದರೆ ದರ್ಜೆ ಯಾಕೆ ಬೇಕು? (ಗ್ರಾಮ ಪಂಚಾಯಿತಿ ಸದಸ್ಯರು, ಮಂಡ್ಯ ಜಿಲ್ಲೆ)

ಉತ್ತರ: ದರ್ಜೆ ಎನ್ನುವುದು ಜೇಬಿನ ಅಳತೆಯೇ ಹೊರತು ಕೈಕೆಲಸದ ಅಳತೆಯಲ್ಲ. ಹಿಂದಿನ ಕೆಲಸಗಳ ಗುಣಮಟ್ಟ ಹೇಗಿತ್ತು ಎಂಬ ಪ್ರಶ್ನೆಗೆ ನಮ್ಮ ವ್ಯವಸ್ಥೆಯಲ್ಲಿ ಇರುವ ಉತ್ತರ ಒಂದೇ ಒಂದು ಕಾಗದ, ಕಾಮಗಾರಿ ಪೂರ್ಣಗೊಂಡ ಪ್ರಮಾಣಪತ್ರ. ನಾನು ತಾಂತ್ರಿಕ ಲಕೋಟೆಗಳನ್ನು ಪರಿಶೀಲಿಸುತ್ತಿದ್ದ ಕಾಲದಲ್ಲಿ ಇಂಥ ನೂರಾರು ಕಾಗದಗಳನ್ನು ಓದಿದ್ದೇನೆ. ‘ಸದರಿ ಗುತ್ತಿಗೆದಾರರು ಕಾಮಗಾರಿಯನ್ನು ತೃಪ್ತಿಕರವಾಗಿ ಪೂರ್ಣಗೊಳಿಸಿರುತ್ತಾರೆ’ ಎಂಬ ಒಂದೇ ಸಾಲು ಎಲ್ಲದರಲ್ಲೂ ಇರುತ್ತಿತ್ತು. ಒಮ್ಮೆ ಒಂದು ಸೇತುವೆಯ ಪ್ರಮಾಣಪತ್ರದಲ್ಲಿ ಮುಗಿದ ದಿನಾಂಕದ ಜಾಗ ಖಾಲಿಯಿರುವುದನ್ನು ಕಂಡು ಅದನ್ನು ಕೊಟ್ಟ ಉಪವಿಭಾಗಕ್ಕೆ ಫೋನ್ ಮಾಡಿದೆ. ‘ಸ್ಲ್ಯಾಬ್ ಇನ್ನೂ ಹಾಕಿಲ್ಲ ಸಾರ್, ಅವರಿಗೆ ಟೆಂಡರಿಗೆ ಬೇಕು ಅಂದ್ರು, ಕೊಟ್ವಿ’ ಎಂಬ ಉತ್ತರ ಬಂತು. ಕೊಟ್ಟವರಿಗೆ ಅದರಲ್ಲಿ ತಪ್ಪೇನೂ ಕಂಡಿರಲಿಲ್ಲ ಎಂಬುದೇ ನನಗೆ ಹೆಚ್ಚು ಆತಂಕ ತಂದಿತು. ಈ ಒಂದು ಸಾಲಿನ ಆಧಾರದ ಮೇಲೆಯೇ ದರ್ಜೆ ಏರುತ್ತದೆ, ಮುಂದಿನ ಟೆಂಡರಿನ ಅರ್ಹತೆಯೂ ಸಿಗುತ್ತದೆ.

ನಿಮ್ಮ ರಸ್ತೆಯ ವಿಷಯಕ್ಕೆ ಬರೋಣ. ಲೈಸೆನ್ಸ್ ಒಬ್ಬರದು, ಕೆಲಸ ಇನ್ನೊಬ್ಬರದು ಎಂಬುದು ನಮ್ಮ ಜಿಲ್ಲೆಗಳಲ್ಲಿ ಎಲ್ಲರಿಗೂ ಗೊತ್ತಿರುವ ಗುಟ್ಟು. ಇಲಾಖೆಯ ಲಿಖಿತ ಒಪ್ಪಿಗೆಯಿಲ್ಲದೆ ಉಪಗುತ್ತಿಗೆ ಕೊಡುವಂತಿಲ್ಲ. ಹಾಗಾಗಿ ಮಾಹಿತಿ ಹಕ್ಕಿನಲ್ಲಿ ಕರಾರು ಪತ್ರ, ಅಧಿಕಾರ ಪತ್ರ (ಪವರ್ ಆಫ್ ಅಟಾರ್ನಿ) ಇದ್ದರೆ ಅದರ ಪ್ರತಿ, ಉಪಗುತ್ತಿಗೆಗೆ ಕೊಟ್ಟ ಒಪ್ಪಿಗೆ ಮತ್ತು ಗುಣನಿಯಂತ್ರಣ ಪರೀಕ್ಷೆಗಳ ವರದಿ, ಇಷ್ಟನ್ನು ಕೇಳಿ. ಕೊನೆಯದನ್ನು ಗಮನವಿಟ್ಟು ಓದಿ. ಕಾಂಕ್ರೀಟ್ ಹಾಕುವಾಗ 150 ಮಿ.ಮೀ. ಅಳತೆಯ ಘನಾಕೃತಿಯ ತುಂಡುಗಳನ್ನು ಎರಕ ಹೊಯ್ದು, 28 ದಿನ ನೀರಿನಲ್ಲಿಟ್ಟು, ಯಂತ್ರದಲ್ಲಿ ಒಡೆದು ಬಲವನ್ನು ಅಳೆಯುತ್ತಾರೆ. ನಿಜವಾಗಿ ಪರೀಕ್ಷೆ ನಡೆದಿದ್ದರೆ ಅಂಕಿಗಳು ಒಂದಕ್ಕಿಂತ ಒಂದು ಸ್ವಲ್ಪ ಹೆಚ್ಚು-ಕಡಿಮೆ ಇದ್ದೇ ಇರುತ್ತವೆ. ಒಂಬತ್ತು ತುಂಡುಗಳಿಗೂ ಒಂದೇ ಅಂಕಿ ಬರೆದಿದ್ದರೆ ಆ ತುಂಡುಗಳು ಯಂತ್ರವನ್ನು ಕಂಡಿಲ್ಲವೆಂದೇ ತಿಳಿಯಿರಿ. ದೋಷ ಹೊಣೆಗಾರಿಕೆ ಅವಧಿ ಮುಗಿದಿಲ್ಲದಿದ್ದರೆ ಗುತ್ತಿಗೆದಾರರು ಸ್ವಂತ ಖರ್ಚಿನಲ್ಲಿ ದುರಸ್ತಿ ಮಾಡಿಕೊಡಬೇಕು. ಮಾಡದಿದ್ದರೆ ಅವರ ಭದ್ರತಾ ಠೇವಣಿಯಿಂದ ಮಾಡಿಸಬಹುದು. ಅವಧಿ ಮುಗಿಯುವ ಮೊದಲೇ ಲಿಖಿತ ದೂರು ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ.

ಪ್ರಶ್ನೆ: ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಮೀಸಲಾದ ಕಾಮಗಾರಿಗೂ ದರ್ಜೆ ಬೇಕೇ? (ಚಿತ್ರದುರ್ಗ)

ಉತ್ತರ: ಬೇಕು. ಕಾಮಗಾರಿಗಳಲ್ಲಿ ಪರಿಶಿಷ್ಟ ಜಾತಿಗೆ ಶೇ 17.15, ಪರಿಶಿಷ್ಟ ಪಂಗಡಕ್ಕೆ ಶೇ 6.95 ಮೀಸಲಿದೆ. ಮೊದಲು ₹50 ಲಕ್ಷದವರೆಗಿನ ಕೆಲಸಗಳಿಗಿದ್ದ ಇದನ್ನು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆಯ 2023ರ ತಿದ್ದುಪಡಿ ₹1 ಕೋಟಿಗೆ ಏರಿಸಿತು. ಮೀಸಲಾತಿಯು ಸ್ಪರ್ಧೆಯನ್ನು ಆ ವರ್ಗದವರ ನಡುವೆ ಸೀಮಿತಗೊಳಿಸುತ್ತದೆಯೇ ಹೊರತು ನೋಂದಣಿಯನ್ನು ಮನ್ನಾ ಮಾಡುವುದಿಲ್ಲ.

ಪ್ರಶ್ನೆ: ನಮ್ಮ ತಾಲ್ಲೂಕಿನಲ್ಲಿ ₹20–30 ಲಕ್ಷದ ಹತ್ತಾರು ಕೆಲಸಗಳನ್ನು ಒಂದೇ ಪ್ಯಾಕೇಜ್ ಮಾಡಿ, ದೊಡ್ಡ ದರ್ಜೆಯವರಿಗೆ ಮಾತ್ರ ಎಂದು ಟೆಂಡರ್ ಕರೆದಿದ್ದಾರೆ. ಸಣ್ಣ ಗುತ್ತಿಗೆದಾರರಾದ ನಾವು ಏನು ಮಾಡಬಹುದು? (ಗದಗ ಜಿಲ್ಲೆ)

ಉತ್ತರ: ಪ್ಯಾಕೇಜ್ ಮಾಡುವುದೇ ಅಕ್ರಮವಲ್ಲ. ಒಂದೇ ರಸ್ತೆಯ ಐದು ತುಂಡುಗಳನ್ನು ಐವರಿಗೆ ಕೊಟ್ಟರೆ ಡಾಂಬರಿನ ಯಂತ್ರ ಯಾರದೂ ಅಲ್ಲದೆ ಕೆಲಸ ಕೆಡುವುದನ್ನು ನಾನೂ ಕಂಡಿದ್ದೇನೆ. ಆದರೆ ಒಂದು ಹೋಬಳಿಯ ಶಾಲಾ ಕಾಂಪೌಂಡ್, ಇನ್ನೊಂದರ ಚರಂಡಿ, ಮತ್ತೊಂದರ ಅಂಗನವಾಡಿಯನ್ನು ಒಟ್ಟು ಕಟ್ಟಿದಾಗ ಅದಕ್ಕೆ ತಾಂತ್ರಿಕ ಕಾರಣ ಹುಡುಕುವುದು ಕಷ್ಟ. ದೊಡ್ಡ ಕೆಲಸವನ್ನು ಒಡೆದು ಕೆಳದರ್ಜೆಯ ಮಿತಿಯೊಳಗೆ ತರುವ ತುಂಡು ಗುತ್ತಿಗೆಯೂ ಸಣ್ಣ ಕೆಲಸಗಳನ್ನು ಗಂಟು ಕಟ್ಟಿ ಮೇಲ್ದರ್ಜೆಗೆ ಏರಿಸುವುದೂ ಒಂದೇ ಮರದ ಎರಡು ಕೊಂಬೆಗಳು.

ಅನುಭವದ ಷರತ್ತು ಎಷ್ಟಿರಬೇಕು ಎಂಬುದಕ್ಕೆ ಕೇಂದ್ರ ಜಾಗೃತ ಆಯೋಗ 2002ರ ಡಿಸೆಂಬರ್ 17ರಂದು ಕೊಟ್ಟ ಮಾನದಂಡ ನಿಮ್ಮ ಆಕ್ಷೇಪಣೆಗೆ ಆಧಾರವಾಗುತ್ತದೆ. ಅದರಂತೆ ಸರಾಸರಿ ವಾರ್ಷಿಕ ವಹಿವಾಟು ಅಂದಾಜು ವೆಚ್ಚದ ಶೇ 30ರಷ್ಟಿದ್ದು, ಏಳು ವರ್ಷಗಳಲ್ಲಿ ಅಂದಾಜಿನ ಶೇ 40ರ ಮೂರು, ಅಥವಾ ಶೇ 50ರ ಎರಡು, ಅಥವಾ ಶೇ 80ರ ಒಂದು ಸದೃಶ ಕೆಲಸ ಮಾಡಿದ್ದರೆ ಸಾಕು. ಅದು ಕೇಂದ್ರದ ಸಂಸ್ಥೆಗಳಿಗೆ ಹೊರಡಿಸಿದ್ದು. ಆದರೂ ರಾಜ್ಯದ ಟೆಂಡರಿನಲ್ಲಿ ಇದಕ್ಕಿಂತ ಬಿಗಿಯಾದ ಷರತ್ತು ಹಾಕಿದವರು ಕಾರಣ ಹೇಳಬೇಕಾಗುತ್ತದೆ.

ಆಕ್ಷೇಪಣೆಯನ್ನು ಟೆಂಡರ್ ಪೂರ್ವ ಸಭೆಯಲ್ಲಿ, ಲಿಖಿತವಾಗಿ ಎತ್ತಿ. ಪಾರದರ್ಶಕತೆ ಕಾಯ್ದೆಯ 16ನೇ ಪ್ರಕರಣದಡಿ 30 ದಿನಗಳೊಳಗೆ ಮೇಲ್ಮನವಿ ಸಲ್ಲಿಸಲು ಅವಕಾಶವಿದೆ, ಆದರೆ ಅದು ಟೆಂಡರ್ ಅಂಗೀಕಾರದ ಆದೇಶದ ವಿರುದ್ಧ, ಬಿಡ್ ಹಾಕಿದವರಿಗೆ. ತಡಮಾಡಿದರೆ ನ್ಯಾಯಾಲಯವೂ ಕೈಹಿಡಿಯದಿರಬಹುದು. ಮುಂಬೈ ವಿಮಾನ ನಿಲ್ದಾಣದ ಉಪಾಹಾರ ಗೃಹದ ಟೆಂಡರಿನಲ್ಲಿ ‘ನೋಂದಾಯಿತ ಎರಡನೇ ದರ್ಜೆ ಹೋಟೆಲ್ ಉದ್ಯಮಿ’ ಎಂಬ ಷರತ್ತನ್ನು ಹಾಕಿದ ಪ್ರಾಧಿಕಾರವೇ ಅದನ್ನು ಗಾಳಿಗೆ ತೂರಿತ್ತು. ತಾನೇ ಹಾಕಿದ ಮಾನದಂಡಕ್ಕೆ ಸರ್ಕಾರಿ ಸಂಸ್ಥೆ ಬದ್ಧವಾಗಿರಬೇಕು ಎಂದು ಸುಪ್ರೀಂ ಕೋರ್ಟ್ ರಮಣ ದಯಾರಾಮ್ ಶೆಟ್ಟಿ ಪ್ರಕರಣದಲ್ಲಿ 1979ರಲ್ಲಿ ಸ್ಪಷ್ಟವಾಗಿ ಹೇಳಿತು. ಆದರೆ ವಿಳಂಬವೂ ಸೇರಿದಂತೆ ಕೆಲವು ಕಾರಣಗಳಿಗಾಗಿ ಅರ್ಜಿದಾರರಿಗೆ ಪರಿಹಾರ ಕೊಡಲಿಲ್ಲ. ಇಂದಿಗೂ ಎಲ್ಲರೂ ಉಲ್ಲೇಖಿಸುವ ತತ್ವ ಗೆದ್ದಿತು, ಅದನ್ನು ತಂದವರು ಬರಿಗೈಯಲ್ಲಿ ಮರಳಿದರು.

ಪ್ರಶ್ನೆ: ಒಂದು ಕೆಲಸ ತಡವಾಯಿತೆಂದು ನೋಟಿಸ್ ಕೊಟ್ಟು, ಉತ್ತರ ಕೊಟ್ಟ ಮೇಲೆ ನೇರವಾಗಿ ಕಪ್ಪುಪಟ್ಟಿಗೆ ಸೇರಿಸಿದ್ದಾರೆ. ನೋಟಿಸಿನಲ್ಲಿ ಕಪ್ಪುಪಟ್ಟಿಯ ಮಾತೇ ಇರಲಿಲ್ಲ. (ಬೀದರ್)

ಉತ್ತರ: ಹಾಗಿದ್ದರೆ ಆದೇಶ ನಿಲ್ಲುವುದು ಕಷ್ಟ. ಕಪ್ಪುಪಟ್ಟಿಗೆ ಸೇರಿಸುವ ಉದ್ದೇಶ ನೋಟಿಸಿನಲ್ಲೇ ತಿಳಿಯುವಂತಿರಬೇಕು ಎಂದು ಗೂರ್ಖಾ ಸೆಕ್ಯುರಿಟಿ ಸರ್ವೀಸಸ್ ಪ್ರಕರಣದಲ್ಲಿ (2014) ಸುಪ್ರೀಂ ಕೋರ್ಟ್ ಹೇಳಿದೆ. ಅದರ ಹಿಂದಿನ ವರ್ಷದ ಕುಲ್ಜಾ ಇಂಡಸ್ಟ್ರೀಸ್ ತೀರ್ಪಿನಂತೆ ಕಪ್ಪುಪಟ್ಟಿ ಶಾಶ್ವತವಾಗಿರುವಂತಿಲ್ಲ, ಅವಧಿ ತಪ್ಪಿನ ತೂಕಕ್ಕೆ ತಕ್ಕಂತಿರಬೇಕು. ವಕೀಲರನ್ನು ಬೇಗ ಕಾಣಿ.

ಪ್ರಶ್ನೆ: ಮಾಡಿದ ಕೆಲಸದ ಗುಣಮಟ್ಟವೂ ದರ್ಜೆಯಲ್ಲಿ ಸೇರುವ ವ್ಯವಸ್ಥೆ ಬೇರೆ ಎಲ್ಲಾದರೂ ಇದೆಯೇ? (ಸಹಾಯಕ ಇಂಜಿನಿಯರ್, ಬೆಂಗಳೂರು)

ಉತ್ತರ: ಜಪಾನಿನಲ್ಲಿದೆ. ಅಲ್ಲಿ ಸರ್ಕಾರಿ ಕಾಮಗಾರಿಯನ್ನು ನೇರವಾಗಿ ಪಡೆಯಬೇಕೆನ್ನುವ ಪ್ರತಿ ನಿರ್ಮಾಣ ಸಂಸ್ಥೆಯೂ ‘ಕೇಶಿನ್’ ಎಂಬ ಮೌಲ್ಯಮಾಪನಕ್ಕೆ ಒಳಗಾಗಬೇಕು. ಮುಗಿಸಿದ ಕೆಲಸದ ಮೊತ್ತಕ್ಕೆ ಅದರಲ್ಲಿ ಶೇ 25ರ ತೂಕ, ತಾಂತ್ರಿಕ ಸಾಮರ್ಥ್ಯಕ್ಕೂ ಅಷ್ಟೇ. ಉಳಿದದ್ದು ಹಣಕಾಸಿನ ಸ್ಥಿತಿ ಮತ್ತು ಕಾರ್ಮಿಕರ ವಿಮೆಯಂಥ ಸಾಮಾಜಿಕ ಹೊಣೆಗಾರಿಕೆಗೆ. ಇದು ಎಲ್ಲ ಕಡೆಗೂ ಒಂದೇ ಅಂಕ. ಅದರ ಮೇಲೆ ಕೆಲಸ ಕೊಡುವ ಸಂಸ್ಥೆಗಳು ತಮ್ಮಲ್ಲಿ ಆ ಸಂಸ್ಥೆ ಹಿಂದೆ ಮಾಡಿದ ಕಾಮಗಾರಿಗಳಿಗೆ ಕೊಟ್ಟ ಅಂಕಗಳನ್ನೂ ಸೇರಿಸಿ ದರ್ಜೆ ನಿಗದಿ ಮಾಡುತ್ತವೆ. ಮೌಲ್ಯಮಾಪನದ ಫಲಿತಾಂಶ ಲೆಕ್ಕಪತ್ರದ ವರ್ಷ ಮುಗಿದ ದಿನದಿಂದ 1 ವರ್ಷ 7 ತಿಂಗಳಿಗಷ್ಟೇ ಊರ್ಜಿತವಾದ್ದರಿಂದ ಪ್ರತಿ ವರ್ಷವೂ ಹೊಸದಾಗಿ ಪಡೆಯಬೇಕು. ಒಮ್ಮೆ ಪಡೆದ ದರ್ಜೆಯ ನೆರಳಿನಲ್ಲಿ ಕುಳಿತಿರಲು ಆಗುವುದಿಲ್ಲ.

ನಾವು ಅಷ್ಟು ದೂರ ಹೋಗಬೇಕಾಗಿಲ್ಲ ಎಂಬುದು ನನ್ನ ಅಭಿಪ್ರಾಯ. ಪೂರ್ಣಗೊಂಡ ಪ್ರಮಾಣಪತ್ರದ ‘ತೃಪ್ತಿಕರ’ ಎಂಬ ಪದವನ್ನು ತೆಗೆದು, ಕರಾರಿನ ಅವಧಿ ಎಷ್ಟು, ತೆಗೆದುಕೊಂಡದ್ದು ಎಷ್ಟು, ವಿಫಲವಾದ ಪರೀಕ್ಷೆಗಳು ಎಷ್ಟು, ದೋಷ ಹೊಣೆಗಾರಿಕೆ ಅವಧಿಯಲ್ಲಿ ಎಷ್ಟು ಸಲ ದುರಸ್ತಿಗೆ ಕರೆಯಬೇಕಾಯಿತು ಎಂಬ ನಾಲ್ಕು ಅಂಕಿಗಳನ್ನು ಬರೆದು, ನೋಂದಣಿ ನವೀಕರಣದ ಕಡತಕ್ಕೆ ಅದರ ಪ್ರತಿ ಕಳುಹಿಸಿದರೆ ಸಾಕು. ಇದಕ್ಕೆ ಹೊಸ ಕಾಯ್ದೆ ಬೇಡ. ನಿಮ್ಮ ಉಪವಿಭಾಗದಲ್ಲಿ ನೀವೇ ನಾಳೆಯಿಂದ ಆರಂಭಿಸಬಹುದು. ಸಹಿ ಹಾಕುವ ದಿನ ನಾಲ್ಕು ಜನ ಮುನಿಸಿಕೊಳ್ಳುತ್ತಾರೆ, ಅದಕ್ಕೆ ಸಿದ್ಧರಾಗಿರಿ.

ಪ್ರಶ್ನೆ: ನನ್ನ ನೋಂದಣಿಯ ಅವಧಿ ಮುಂದಿನ ವಾರ ಮುಗಿಯುತ್ತದೆ, ನವೀಕರಣದ ಅರ್ಜಿ ಹಾಕಿದ್ದೇನೆ. ಅರ್ಜಿಯ ಸ್ವೀಕೃತಿ ಲಗತ್ತಿಸಿ ಟೆಂಡರ್ ಹಾಕಬಹುದೇ? (ಶಿವಮೊಗ್ಗ)

ಉತ್ತರ: ಟೆಂಡರ್ ದಾಖಲೆಯಲ್ಲಿ ಸ್ವೀಕೃತಿ ಸಾಕೆಂದು ಸ್ಪಷ್ಟವಾಗಿ ಬರೆದಿದ್ದರೆ ಮಾತ್ರ ಹಾಕಿ. ಇಲ್ಲದಿದ್ದರೆ ಬಿಡ್ ಸಲ್ಲಿಕೆಯ ಕೊನೆಯ ದಿನ ಊರ್ಜಿತವಾಗಿರುವ ನೋಂದಣಿ ನಿಮ್ಮ ಕೈಯಲ್ಲಿರಬೇಕು. ಅಂಚೆಗೆ ಕಾಯದೆ ಕಚೇರಿಗೆ ಖುದ್ದಾಗಿ ಹೋಗಿ ನವೀಕರಣದ ಆದೇಶ ಪಡೆದುಕೊಳ್ಳಿ, ಪೋರ್ಟಲಿಗೆ ಅದನ್ನು ಏರಿಸಲು ಕೊನೆಯ ಗಂಟೆಯವರೆಗೆ ಕಾಯಬೇಡಿ.