ಫೋನಿನಲ್ಲಿದ್ದ ಅಣಬೆ

ಗುರುತು ಸಿಗದ ಹಾಗೆ ವಿವರಗಳನ್ನು ಬದಲಿಸಿದ್ದೇನೆ.

ನನ್ನ ಹತ್ತಿರ ಸಮಾಲೋಚನೆಗೆ ಬಂದ ಅವರಿಗೆ 38 ವರ್ಷ. ಸೋಮವಾರಪೇಟೆ ಕಡೆ ಸಣ್ಣ ಕಾಫಿ ತೋಟ. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಮನೆ ಹೋಯಿತು. ಈಗ ಬೇರೆ ಮನೆಯಿದೆ. ಆದರೂ ಮಳೆ ಜೋರಾದರೆ ಸಾಕು, ಚಪ್ಪಲಿ ಹಾಕಿಕೊಂಡೇ ಬೆಳಗಿನವರೆಗೆ ಬಾಗಿಲ ಹತ್ತಿರ ಕೂರುತ್ತಾರೆ. ಯಾವುದರಲ್ಲೂ ಮನಸ್ಸಿಲ್ಲ.

“ಮೇಡಂ, ಇದೇ ಅಲ್ವಾ?” ಅಂತ ಫೋನ್ ತೋರಿಸಿದರು. ಸಗಣಿ ಮೇಲೆ ಎದ್ದ ಅಣಬೆ. ಹೊರದೇಶದಲ್ಲಿ ಇದರಿಂದ ಖಿನ್ನತೆ ವಾಸಿ ಮಾಡ್ತಾರೆ ಅಂತ ಬೆಂಗಳೂರಿನ ಗೆಳೆಯ ಹೇಳಿದ್ದನಂತೆ.

ನಾನು ಬೈಯಲಿಲ್ಲ. ಗೆಳೆಯ ಹೇಳಿದ್ದು ಪೂರ್ತಿ ಸುಳ್ಳಲ್ಲ. ಇಂಥ ಕೆಲವು ಅಣಬೆಗಳಲ್ಲಿರುವ ಸೈಲೋಸಿಬಿನ್ ಅನ್ನು 2022ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 233 ಜನರಿಗೆ ಕೊಟ್ಟಿದ್ದರು. 25 ಮಿಲಿಗ್ರಾಂ ಪಡೆದವರಲ್ಲಿ, 1 ಮಿಲಿಗ್ರಾಂ ಪಡೆದವರಿಗಿಂತ, ಮೂರು ವಾರಕ್ಕೆ ಖಿನ್ನತೆ ಜಾಸ್ತಿ ಇಳಿದಿತ್ತು. 2023ರ ಜುಲೈನಿಂದ ಆಸ್ಟ್ರೇಲಿಯಾದಲ್ಲಿ ಅನುಮತಿ ಪಡೆದ ಮನೋವೈದ್ಯರು ಇದನ್ನು ಬರೆದುಕೊಡಬಹುದು.

ಆದರೆ ಗೆಳೆಯ ಉಳಿದದ್ದನ್ನು ಹೇಳಿರಲಿಲ್ಲ. ಆ ಪ್ರಯೋಗಕ್ಕೆ ಬಂದವರು ಬೇರೆ ಮಾತ್ರೆಗಳನ್ನು ಸರಿಯಾಗಿ ತಗೊಂಡೂ ಗುಣವಾಗದವರು. ಇವರು ಮನೋವೈದ್ಯರು ಕೊಟ್ಟ ಖಿನ್ನತೆಯ ಮಾತ್ರೆ ನುಂಗಿದ್ದು ಬರೀ 12 ದಿನ. ಅದು ಕೆಲಸ ಮಾಡೋಕೆ ನಾಲ್ಕರಿಂದ ಆರು ವಾರವಾದರೂ ಬೇಕು. ಆ ಪ್ರಯೋಗದಲ್ಲಿ ಮೊದಲು ಮಾತುಕತೆ, ಔಷಧದ ದಿನ ಆರೆಂಟು ಗಂಟೆ ಪಕ್ಕದಲ್ಲೇ ತರಬೇತಿ ಪಡೆದವರು, ಆಮೇಲೆ ಮತ್ತೆ ಮಾತು. ಅಷ್ಟಿದ್ದರೂ ಕೆಲವರಿಗೆ ಸಾಯುವ ಯೋಚನೆ ಬಂದಿತ್ತು.

ಅಲ್ಲಿ ಮೊದಲೇ ಕೇಳುವ ಒಂದು ಪ್ರಶ್ನೆಯನ್ನು ನಾನೂ ಕೇಳಿದೆ. ಮನೆತನದಲ್ಲಿ ಯಾರಿಗಾದರೂ ಇಲ್ಲದ ದನಿ ಕೇಳಿಸುವ ಕಾಯಿಲೆ ಇತ್ತಾ? ತುಂಬಾ ಹೊತ್ತು ಸುಮ್ಮನಿದ್ದರು.

“ದೊಡ್ಡಪ್ಪನಿಗೆ. ಮನೇಲಿ ಅವರ ಸುದ್ದಿ ಎತ್ತೋ ಹಾಗಿಲ್ಲ.”

ಇಂಥ ಹಿನ್ನೆಲೆ ಇದ್ದವರನ್ನು ಈ ಪ್ರಯೋಗಗಳಿಗೆ ಸಾಮಾನ್ಯವಾಗಿ ಸೇರಿಸಿಕೊಳ್ಳುವುದಿಲ್ಲ, ಅದೇ ಕಾಯಿಲೆ ಕೆರಳಬಹುದು ಅಂತ ಬಿಡಿಸಿ ಹೇಳಿದೆ. ಮಳೆಗಾಲದಲ್ಲಿ ಕುಮ್ಮು, ಅಂದರೆ ಅಣಬೆ, ಸಾರು ಮಾಡುವ ನಾಡು ನಮ್ಮದು. ನಾವೂ ಬಲ್ಲ ಹಿರಿಯರಿಗೆ ತೋರಿಸದೆ ಅಣಬೆಯನ್ನು ಒಲೆಗೆ ಇಡಲ್ಲ. ಫೋಟೋ ನಂಬಿ ತಿಂದರೆ ಲಿವರ್ ಹೋಗಬಹುದು. ಮೇಲಾಗಿ 1985ರ ಮಾದಕವಸ್ತು ಕಾಯ್ದೆಯಲ್ಲಿ ಸೈಲೋಸಿಬಿನ್ ಇಟ್ಟುಕೊಳ್ಳುವುದೇ ಅಪರಾಧ.

ನಾನು ಕೊಟ್ಟ ಸಲಹೆ: ಮನೋವೈದ್ಯರನ್ನು ಮತ್ತೆ ಕಂಡು, ದೊಡ್ಡಪ್ಪನ ವಿಷಯವನ್ನೂ ಹೇಳಿ, ಮಾತ್ರೆ ಮತ್ತೆ ಶುರು ಮಾಡುವುದು. ವಾರಕ್ಕೊಮ್ಮೆ ನನ್ನ ಹತ್ತಿರ ಬಂದು ಆ ಆಗಸ್ಟ್ ರಾತ್ರಿಯ ಬಗ್ಗೆ ಸ್ವಲ್ಪ ಸ್ವಲ್ಪವೇ ಮಾತಾಡುವುದು. ಸಾಯುವ ಯೋಚನೆ ಬಂದರೆ ಯಾವ ಹೊತ್ತಾದರೂ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡುವುದು. ಮಳೆ ರಾತ್ರಿಯ ಕಾವಲಿಗೆ ಅವರ ಹೆಂಡತಿಯೇ ದಾರಿ ಹೇಳಿದರು: “ಒಂದು ಗಂಟೆವರೆಗೆ ನಾನು ಎದ್ದಿರ್ತೀನಿ, ನೀವು ಮಲಗಿ.”

ಕಳೆದ ವಾರ ಬಂದಿದ್ದರು. ಫೋಟೋ ಇನ್ನೂ ಫೋನಿನಲ್ಲಿದೆ. ಅಳಿಸಿ ಅಂತ ನಾನು ಹೇಳಲಿಲ್ಲ. ಎರಡು ರಾತ್ರಿ ಚಪ್ಪಲಿ ಬಿಚ್ಚಿ ಹಾಸಿಗೆಯಲ್ಲೇ ಮಲಗಿದ್ದರಂತೆ. ಹೊರಗೆ ಮಳೆ ಇತ್ತು.